ಬಜೆ ಬೇರಿನ ದಾರಿ

ಆ ನೆಲಕ್ಕೆ ಎಲ್ಲರನ್ನೂ ಸ್ವಾಗತಿಸಲು ಬಂದವಳು ಬರ್ನಡೀನ್ ಮಸ್ಕ್ವಾ. ಆದರೆ ಗೇಟು ತೆರೆಯಲಿಲ್ಲ.

ಅವಳ ತಮ್ಮ ಅಲ್ಫೋನ್ಸ್ ತನ್ನ ಹಳೆಯ ಪಿಕಪ್ ಗಾಡಿಯನ್ನು ಕಬ್ಬಿಣದ ಗೇಟಿಗೆ ಮೂಗು ತಾಗುವಂತೆ ನಿಲ್ಲಿಸಿ, ಎಂಜಿನ್ ಆರಿಸಿ ಕುಳಿತ. ಪಕ್ಕದ ಕಂಬದಲ್ಲಿ ಅಂಕಿಗಳ ಗುಂಡಿಗಳಿದ್ದ ಒಂದು ಪೆಟ್ಟಿಗೆ. ಗುಟ್ಟಿನ ಅಂಕಿ ಗೊತ್ತಿದ್ದವರಿಗೆ ದಾರಿ, ಗೊತ್ತಿಲ್ಲದವರಿಗೆ ಇಲ್ಲ. ಗೇಟಿನ ಆಚೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ, ಮುರಿದ ಹುಟ್ಟು ಎಂಬ ಹೆಸರಿನ ಸರೋವರದ ದಂಡೆಯಲ್ಲಿ ಬೇಸಿಗೆ ಮನೆ ಕಟ್ಟಿಕೊಂಡವರೆಲ್ಲ ಸೇರಿದ್ದರು. ಮಡಚುವ ಕುರ್ಚಿಗಳಿಂದ ಎದ್ದು, ಗೇಟಿಗೆ ಬೆನ್ನು ಹಾಕಿ ನಿಂತು ರಾಷ್ಟ್ರಗೀತೆ ಹಾಡುತ್ತಿದ್ದರು.

"ಹಾರ್ನ್ ಹೊಡೀಲಾ ಅಕ್ಕಾ?"

"ರಾಷ್ಟ್ರಗೀತೆ ನಡೀತಿದೆ ಕಣೋ. ಸುಮ್ನಿರು."

"ಹಂಗಾದ್ರೆ ಇಲ್ಲೇ ಕೂತಿರಾಣ್ವಾ?"

"ಕಾಯೋಣ. ಹಾಡು ಮುಗಿದ್ಮೇಲೆ ನಮ್ಮನ್ನ ನೆನೆಸ್ಕೋತಾರೆ. ಅದಕ್ಕೇ ತಾನೆ ಈ ಕಾರ್ಯಕ್ರಮ ಇಟ್ಕೊಂಡಿರೋದು!"

ಅಲ್ಫೋನ್ಸ್ ಹೊಟ್ಟೆ ಕುಣಿಸಿ ನಕ್ಕ. ಬರ್ನಡೀನಳಿಗೆ ನಗು ಬರಲಿಲ್ಲ. ಒಳ್ಳೆಯ ಸ್ಕರ್ಟು ಉಟ್ಟುಕೊಂಡು, ಮಣಿಯ ಓಲೆ ಹಾಕಿಕೊಂಡು, ಮೊಣಕಾಲು ನೋವಿಗೆ ಮಾತ್ರೆ ನುಂಗಿ ಬಂದಿದ್ದಳು. ಅವಳ ಸಿಟ್ಟು ಬೆಳಿಗ್ಗೆಯಿಂದಲೇ ಒಲೆಯ ಮೇಲಿತ್ತು, ಈಗ ಕುದಿಯುವುದಕ್ಕೆ ಶುರುವಾಯಿತು.

ಈಚೆಗೆ ಈ ಸೀಮೆಯಲ್ಲಿ ನೆಲಸ್ಮರಣೆ ಇಲ್ಲದೆ ಒಂದು ಬಾಗಿಲೂ ತೆರೆಯುವುದಿಲ್ಲ. ಹಾಕಿ ಪಂದ್ಯವಾಗಲಿ, ಗ್ರಂಥಾಲಯದ ಪುಸ್ತಕ ಮಾರಾಟವಾಗಲಿ, ಮೊದಲು ಯಾರಾದರೊಬ್ಬರು ಗಂಟಲು ಸರಿಮಾಡಿಕೊಂಡು, ನಮ್ಮ ಹಿಂದಿನವರು ಇಲ್ಲಿಯ ಮೂಲಜನರ ಜೊತೆ ಮಾಡಿಕೊಂಡ ಆರನೇ ಒಪ್ಪಂದದ ನೆಲದ ಮೇಲೆ ನಾವು ನಿಂತಿದ್ದೇವೆ, ಇದು ಕ್ರೀ ಜನರ ನೆಲ ಎಂದು ಓದಬೇಕು. ಆಮೇಲೆ ಕ್ರೀ ಜನರಿಗೆಂದು ಸರ್ಕಾರ ಮೀಸಲಿಟ್ಟ ರಿಸರ್ವ್‌ನಿಂದ ಕರೆಸಿದ ಒಬ್ಬ ಹಿರಿಯರು ಪ್ರಾರ್ಥನೆ ಮಾಡಬೇಕು. ಹೆಚ್ಚಿನಂಶ ಆ ಹಿರಿಯರು ಬರ್ನಡೀನಳೇ. ಪಟ್ಟಣದಲ್ಲಿ ಹೊಸದಾಗಿ ತೆರೆದ ಹಲ್ಲಿನ ಕ್ಲಿನಿಕ್ಕಿನವರೂ ಅವಳಿಂದ ಪ್ರಾರ್ಥನೆ ಮಾಡಿಸಿದ್ದರು. ಮರುವಾರ ಅವಳೇ ಊದಿದ ದವಡೆ ಹಿಡಿದುಕೊಂಡು ಅಲ್ಲಿಗೆ ಹೋದರೆ, ಹೊಸ ರೋಗಿಗಳನ್ನು ಸದ್ಯಕ್ಕೆ ತೆಗೆದುಕೊಳ್ಳುತ್ತಿಲ್ಲ ಎಂದು ಅವತ್ತು ನಗುತ್ತ ಬರಮಾಡಿಕೊಂಡಿದ್ದ ಹುಡುಗಿಯೇ ಅದೇ ನಗು ನಕ್ಕು ಹೇಳಿದಳು.

ಇಷ್ಟಾದ ಮೇಲೂ ಇವತ್ತು ಯಾಕೆ ಬಂದಳು ಎಂದರೆ, ತಪ್ಪು ಅವಳ ಕೈಯದು. ಕ್ರೀ ಜನರಲ್ಲಿ ಹಿರಿಯರನ್ನು ಏನಾದರೂ ಕೇಳುವ ಮುಂಚೆ ತಂಬಾಕು ಕೊಡುವುದು ಪದ್ಧತಿ. ಕೈಯಲ್ಲಿ ಹಿಡಿದು ನಿಂತು, ಬಂದ ಕೆಲಸ ಹೇಳಬೇಕು. ಕೇಳಿಸಿಕೊಂಡವರು ಒಪ್ಪಿದರೆ ತೆಗೆದುಕೊಳ್ಳುತ್ತಾರೆ, ಒಪ್ಪದಿದ್ದರೆ ಮುಟ್ಟುವುದಿಲ್ಲ. ಒಮ್ಮೆ ತೆಗೆದುಕೊಂಡರೆ ಮುಗಿಯಿತು. ಆಕಾಶ ಬಿದ್ದರೂ ಆ ಕೆಲಸ ಮಾಡಲೇಬೇಕು.

ಲೋರೇನ್ ಫ್ರೀಸನ್ ಈ ಬೇಸಿಗೆ ಮನೆಗಳ ಸಂಘದ ಅಧ್ಯಕ್ಷೆ. ಹೋದ ತಿಂಗಳು ಅವಳು ಕೆಂಪು ಬಟ್ಟೆಯಲ್ಲಿ ತಂಬಾಕಿನ ಪೊಟ್ಟಣ ಕಟ್ಟಿಕೊಂಡು ಬರ್ನಡೀನಳ ಮನೆ ಮೆಟ್ಟಿಲು ಹತ್ತಿದ್ದಳು. ಗೇಟಿನ ವಿಷಯ ಬರ್ನಡೀನ್ ಅವಳಿಗೆ ಅದಾಗಲೇ ಎಷ್ಟೋ ಸಲ ಹೇಳಿದ್ದಳು. ಅಂಗಡಿಯಲ್ಲಿ ಸಿಕ್ಕಾಗ ಹೇಳಿದ್ದಳು, ಪೋಸ್ಟ್ ಆಫೀಸಿನಲ್ಲಿ ಸಿಕ್ಕಾಗ ಹೇಳಿದ್ದಳು. ಕೆಂಪು ಬಟ್ಟೆ ಕಂಡದ್ದೇ, ಅಂತೂ ಗೇಟಿನ ಮಾತಾಡುವುದಕ್ಕೇ ಬಂದಿದ್ದಾಳೆ ಎಂದು ಅವಳಿಗೆ ಖುಷಿಯಾಯಿತು. ಮಾತು ಕೇಳುವ ಮೊದಲೇ ಕೈ ಮುಂದೆ ಹೋಯಿತು.

"ಅಯ್ಯೋ, ತುಂಬಾ ಸಂತೋಷ!" ಎಂದು ಲೋರೇನ್ ಕಣ್ಣು ಒರೆಸಿಕೊಂಡಳು. "ನಮ್ಮ ನೆಲಸ್ಮರಣೆ ಫಲಕದ ಅನಾವರಣಕ್ಕೆ ನೀವೇ ಬಂದು ಎಲ್ಲರನ್ನೂ ಸ್ವಾಗತಿಸಿ, ಪ್ರಾರ್ಥನೆ ಮಾಡ್ಬೇಕು. ಗೇಟಿನ ಪಕ್ಕದಲ್ಲೇ ಇಡ್ತಿದೀವಿ, ಬಂದೋರಿಗೆಲ್ಲಾ ಮೊದಲು ಅದೇ ಕಾಣ್ಬೇಕು ಅಂತ."

ಅವಳು ಹೋದ ಮೇಲೆ ಅಲ್ಫೋನ್ಸ್ ಅಕ್ಕನನ್ನು ಬಿಡದೆ ಕಾಡಿದ್ದ. "ಎಪ್ಪತ್ತೈದು ವರ್ಷ ಆಯ್ತು ನಿಂಗೆ. ಕೇಳೋಕ್ ಮುಂಚೆನೇ ತಂಬಾಕು ತಗೊಂಡ್ಬಿಟ್ಯಾ? ಚಿಕ್ ಮಕ್ಳಿಗೂ ಗೊತ್ತು ಅದು."

"ಗೇಟಿಗೆ ಬಂದಿದಾಳೆ ಅನ್ಕೊಂಡೆ ಕಣೋ."

"ಬಂದಿರೋದು ಗೇಟಿಗೇ. ಅದರ ಪಕ್ಕಕ್ಕೆ."

ಆ ಗೇಟಿನ ಆಚೆ ಒಂದು ಕಾಲುದಾರಿ ಇದೆ. ಬೇಸಿಗೆ ಮನೆಗಳ ಹಿಂಬದಿಯಿಂದ ಇಳಿದು, ಸರೋವರದ ಮೂಲೆಯ ಜೌಗಿಗೆ ಹೋಗುತ್ತದೆ. ಅಲ್ಲಿ ಬಜೆ ಬೆಳೆಯುತ್ತದೆ. ಹಿಮ ಬೀಳುವ ಮುಂಚೆ, ಬಾತುಗಳು ದಕ್ಷಿಣಕ್ಕೆ ಹೊರಡುವ ಹೊತ್ತಿಗೆ, ಕೆಸರಿಗೆ ಕೈ ಹಾಕಿ ಬೇರು ಎಳೆಯಬೇಕು. ಗಂಟಲು ಕಟ್ಟಿದರೆ ಅದೇ, ಎದೆ ಕಟ್ಟಿದರೂ ಅದೇ. ಡೋಲು ಹಿಡಿದು ಹಾಡುವವರಂತೂ ದವಡೆಯಲ್ಲಿ ಒಂದು ಚೂರು ಇಲ್ಲದೆ ಬಾಯಿಯೇ ತೆರೆಯುವುದಿಲ್ಲ. ಬೇರೆ ಜೌಗುಗಳನ್ನೆಲ್ಲ ಬಸಿದು ಹೊಲ ಮಾಡಿಯಾಗಿತ್ತು. ಹೆದ್ದಾರಿ ಬದಿಯಲ್ಲಿ ಉಳಿದಿದ್ದ ಒಂದರ ನೀರು ಕ್ರಿಮಿನಾಶಕದ ವಾಸನೆ ಹೊಡೆಯುತ್ತಿತ್ತು. ಉಳಿದದ್ದು ಇದೊಂದೇ.

ಕೆಲವು ವರ್ಷಗಳ ಹಿಂದೆ ಯಾರದೋ ದೋಣಿಯ ಮೋಟಾರು ಕಳುವಾಯಿತು. ಕದ್ದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಗೇಟು ಮಾತ್ರ ರಿಸರ್ವ್ ಕಡೆಗೆ ಮುಖ ಮಾಡಿ ನಿಂತಿತು.

ಹೋದ ವರ್ಷ ಬರ್ನಡೀನ್ ಮತ್ತು ಅವಳ ತಂಗಿ ಯೂಲಾಲಿ ತಂತಿ ಬೇಲಿಯ ಕೆಳಗೆ ನುಸುಳಿ ಹೋಗಿದ್ದರು. ಇಬ್ಬರು ಮುದುಕಿಯರು, ಹೊಟ್ಟೆಯ ಮೇಲೆ ತೆವಳಿಕೊಂಡು! ಯೂಲಾಲಿಯ ಕೋಟು ತಂತಿಗೆ ಸಿಕ್ಕಿ ಹರಿಯಿತು. ಅವಳು ಅರ್ಧ ಒಳಗೆ ಅರ್ಧ ಹೊರಗೆ ಇದ್ದಾಗಲೇ ಸಂಘದ ಖಜಾಂಚಿ ಕೀತ್ ತನ್ನ ಪುಟ್ಟ ಗಾಡಿಯಲ್ಲಿ ಬಂದು, ನನ್ನಿಂದ ಏನಾದರೂ ಸಹಾಯ ಬೇಕಿತ್ತೇ ಎಂದು ಬಹಳ ವಿನಯದಿಂದ ಕೇಳಿದ. ಮನೆಗೆ ಬರುವ ದಾರಿಯುದ್ದಕ್ಕೂ ಯೂಲಾಲಿ ಅದನ್ನೇ ಅಣಕಿಸಿ ನಕ್ಕಳು. ಆಮೇಲೆ ಹರಿದ ಕೋಟು ಹೊಲಿಯುತ್ತ ಕುಳಿತವಳು, "ಅಮ್ಮ ಕೈ ಹಿಡ್ಕೊಂಡು ಕರ್ಕೊಂಡ್ ಹೋಗ್ತಿದ್ದ ದಾರಿ ಕಣೇ ಅದು," ಎಂದಳು. ಆ ಚಳಿಗಾಲದಲ್ಲೇ ಹೋಗಿಬಿಟ್ಟಳು. ಹೆಣದ ಪಕ್ಕದಲ್ಲಿ ಕುಳಿತಾಗ ಬರ್ನಡೀನ್ ನಿಶ್ಚಯ ಮಾಡಿಕೊಂಡಳು, ಇನ್ನು ಆ ಬೇಲಿಯ ಕೆಳಗೆ ತೆವಳುವುದಿಲ್ಲ.

ಈಗ ಯೂಲಾಲಿಯ ವರ್ಷದ ಊಟ ಬರುತ್ತಿತ್ತು. ಊಟವಾದ ಮೇಲೆ ಎಲ್ಲರೂ ಕೈ ಕೈ ಹಿಡಿದು ಸುತ್ತು ಕುಣಿಯುವಾಗ ಮೊದಲ ಹಾಡನ್ನು ಅಲ್ಫೋನ್ಸನೇ ಎತ್ತಬೇಕು. ಅವನ ಡಬ್ಬಿಯಲ್ಲಿ ಬೇರಿನ ಪುಡಿ ಕೂಡ ಉಳಿದಿರಲಿಲ್ಲ. ಬೇರಿಲ್ಲದೆ ಹಾಡುವುದಿಲ್ಲ ಎಂದು ಅವನು ಆಗಲೇ ಹೇಳಿಯಾಗಿತ್ತು. ಅವನ ಗಂಟಲು ಹೇಗೆ ಸೊರಗಿದೆ ಎಂದು ಅವಳಿಗೂ ಗೊತ್ತಿತ್ತು.

ರಾಷ್ಟ್ರಗೀತೆ ಮುಗಿಯಿತು. ಯಾರೋ ತಿರುಗಿ ನೋಡಿದರು. ಲೋರೇನ್ ಕೈ ಬೀಸುತ್ತ ಓಡಿ ಬಂದಳು.

"ಹಿರಿಯರೇ! ಕ್ಷಮಿಸಿ, ಕ್ಷಮಿಸಿ. ಕೀತ್ ಇಲ್ಲೇ ಕೂತಿರ್ಬೇಕಿತ್ತು, ಬರ್ಗರ್ ಬೇಯಿಸೋಕೆ ಹೋಗ್ಬಿಟ್ಟಿದಾನೆ."

"ಹಿರಿಯರೇ ಅಂತ ಯಾಕ್ ಕೂಗ್ತೀಯ? ನಂಗಿಂತ ನೀನು ಮೂರೇ ವರ್ಷಕ್ಕೆ ಚಿಕ್ಕೋಳು."

ಲೋರೇನ್ ನಕ್ಕು ಕಂಬದ ಕಡೆ ತಿರುಗಿದಳು. ಗುಂಡಿ ಒತ್ತುವಾಗ ತನಗೇ ಗೊತ್ತಿಲ್ಲದೆ ಭುಜವನ್ನು ಅಡ್ಡ ಹಿಡಿದು ಅಂಕಿಗಳನ್ನು ಮರೆಮಾಡಿದಳು. ಗೇಟು ಗುರ್ರೆಂದು ತೆರೆಯಿತು. ತಾನು ಮಾಡಿದ್ದು ಅವಳಿಗೆ ಆಗ ಹೊಳೆದಿರಬೇಕು, ಕುತ್ತಿಗೆ ಕೆಂಪಾಯಿತು. ಗಾಡಿಯ ಕಿಟಕಿಗೆ ಬಂದು ಬಗ್ಗಿ ಪಿಸುಗುಟ್ಟಿದಳು.

"ನೋಡಿ, ನೀವು ಗೇಟಿನ ವಿಷಯ ಹೇಳಿದ್ರಲ್ಲ. ನಂಗೆ ಮರ್ತಿಲ್ಲ. ಅಂಕಿ ನಿಮ್ಗೆ ಹೇಳ್ತೀನಿ. ನಿಮ್ಗೊಬ್ರಿಗೇ. ಬರೋ ದಿನ ನಂಗೊಂದು ಫೋನ್ ಮಾಡಿ, ಸಾಕು. ಬೇರೆ ಯಾರಿಗೂ ಹೇಳ್ಬೇಡಿ, ಕೀತ್ ಕುಣಿದಾಡ್ತಾನೆ."

ಅಲ್ಫೋನ್ಸ್ ಸ್ಟಿಯರಿಂಗ್ ಮೇಲೆ ಬೆರಳು ತಟ್ಟಿದ. ಹ್ಞೂಂ ಅನ್ನು, ಅನ್ನು ಎಂದು ಅದರ ಅರ್ಥ.

ಬರ್ನಡೀನ್ ಒಂದು ಕ್ಷಣ ಆಸೆಪಟ್ಟಳು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಒಂದು ಮಾತು ಅಂದಿದ್ದರೆ ಸಂಜೆಯೊಳಗೆ ಬೇರು ಕೈಯಲ್ಲಿರುತ್ತಿತ್ತು. ಆದರೆ ಫೋನ್ ಮಾಡಿ ಕೇಳಬೇಕಂತೆ! ಆಮೇಲೆ ಅವಳ ಮೊಮ್ಮಕ್ಕಳು ಯಾರಿಗೆ ಫೋನ್ ಮಾಡಬೇಕು? ಪಕ್ಕದ ಮನೆಯವರು ಬೇರು ಕೇಳಿದರೆ, ಇರಿ, ಲೋರೇನಳ ಮರ್ಜಿ ನೋಡಿ ಹೇಳುತ್ತೇನೆ ಎನ್ನಬೇಕೇ?

"ಬೇಡ," ಎಂದಳು.

"ಅಕ್ಕಾ!" ಎಂದ ಅಲ್ಫೋನ್ಸ್.

"ಬೇಡ ಅಂದ್ನಲ್ಲ. ಗಾಡಿ ಒಳಗ್ ಬಿಡು."

ಅವನು ಒಳಗೆ ಬಿಟ್ಟ. ಹಿಂದೆಯೇ ಗೇಟು ತಾನಾಗಿ ಮುಚ್ಚಿಕೊಂಡಿತು. "ಯೂಲಾಲಿಗೆ ನೀನೇ ಹಾಡು ಹಂಗಾದ್ರೆ," ಎಂದು ಗೊಣಗಿ, ಅಲ್ಫೋನ್ಸ್ ಅವಳ ಮುಖ ನೋಡದೆ ಇಳಿದು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತ. ಆ ಮಾತು ಅವಳಿಗೆ ನೆಟ್ಟಗೆ ಎದೆಗೇ ತಾಗಿತು.

ಗೇಟಿನ ಒಳಬದಿಯಲ್ಲಿ ಒಂದು ದೊಡ್ಡ ಬಂಡೆ ತಂದಿಟ್ಟಿದ್ದರು. ಅದಕ್ಕೆ ಬಿಗಿಯಬೇಕಿದ್ದ ಕಂಚಿನ ಫಲಕವನ್ನು ದಪ್ಪ ಹಲಗೆಗೆ ಕೂರಿಸಿ ಸುಮ್ಮನೆ ಬಂಡೆಗೆ ಒರಗಿಸಿದ್ದರು. ಕೀತ್ ತಂದ ಬೋಲ್ಟುಗಳು ತೂತಿಗೆ ಹಿಡಿಸಲಿಲ್ಲವಂತೆ. ಮೇಲೆ ಒಂದು ನೀಲಿ ಬಟ್ಟೆ ಹೊದಿಸಿದ್ದರು.

ಲೋರೇನ್ ಕನ್ನಡಕ ಹಾಕಿಕೊಂಡು ಓದಲು ನಿಂತಳು. ಚೆನ್ನಾಗಿಯೇ ಓದಿದಳು. ಈ ನೆಲವನ್ನು ಅನಾದಿ ಕಾಲದಿಂದ ಕಾಪಾಡಿದವರಿಗೆ ನಾವು ತಲೆಬಾಗುತ್ತೇವೆ. ಒಪ್ಪಂದ ಅವರದಷ್ಟೇ ಅಲ್ಲ, ನಮ್ಮದೂ ಹೌದು, ನಾವೆಲ್ಲರೂ ಒಪ್ಪಂದದ ಜನ. ಸೂರ್ಯ ಬೆಳಗುವವರೆಗೆ, ಹುಲ್ಲು ಬೆಳೆಯುವವರೆಗೆ, ನದಿ ಹರಿಯುವವರೆಗೆ ನಮ್ಮ ಹೊಣೆಯನ್ನು ನಾವು ಹೊರುತ್ತೇವೆ. ಕೊನೆಯ ಸಾಲಿಗೆ ಅವಳು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ಮುಂದಿನ ಸಾಲಿನ ಹೆಂಗಸರು ಕರವಸ್ತ್ರ ತೆಗೆದರು. ಬಟ್ಟೆ ಎಳೆದರು, ಫಲಕ ಬಿಸಿಲಿಗೆ ಹೊಳೆಯಿತು, ಚಪ್ಪಾಳೆಯಾಯಿತು.

ಎಲ್ಲರೂ ಅಳುತ್ತಾರಲ್ಲ ಎಂದು ಬರ್ನಡೀನಳಿಗೆ ಮೈ ಉರಿಯಿತು. ಸುಳ್ಳು ಅಳುವಾಗಿದ್ದರೆ ಬೈದು ಹೋಗಬಹುದಿತ್ತು. ಆದರೆ ಇವರದು ನಿಜವಾದ ಅಳು. ಅತ್ತು ಹಗುರಾಗಿ, ಮೂಗು ಒರೆಸಿಕೊಂಡು, ಗೇಟು ಮುಚ್ಚಿದೆಯೇ ಎಂದು ನೋಡಿ ಮಲಗುತ್ತಾರೆ. ಇಂಥವರನ್ನು ಏನು ಮಾಡಬೇಕು?

"ಈಗ ನಮ್ಮ ಪ್ರೀತಿಯ ಹಿರಿಯರು ಸ್ವಾಗತ ಹೇಳಿ, ಊಟಕ್ಕೆ ಪ್ರಾರ್ಥನೆ ಮಾಡ್ತಾರೆ," ಎಂದಳು ಲೋರೇನ್. ಹಿಂದೆ ಕೀತ್ ಬರ್ಗರುಗಳನ್ನು ಮಗುಚುತ್ತಿದ್ದ. ಪ್ರಾರ್ಥನೆಯಾಗದೆ ಯಾರೂ ತಟ್ಟೆ ಮುಟ್ಟಬಾರದು ಎಂದು ಈಗ ಇವರಿಗೂ ಗೊತ್ತಿತ್ತು. ಎಲ್ಲರ ಕಣ್ಣು ಅವಳ ಮೇಲೆ, ಮೂಗು ಬರ್ಗರಿನ ಮೇಲೆ.

ಬರ್ನಡೀನ್ ಎದ್ದಳು. ಮೈಕಿನ ಕಡೆ ಹೋಗದೆ ಹಿಂದಿನ ಸಾಲಿಗೆ ನಡೆದು, ಅಲ್ಫೋನ್ಸನ ಮುಂದೆ ಕೈ ಚಾಚಿದಳು.

"ಒಂದು ಸಿಗರೇಟ್ ಕೊಡೋ."

"ನೀನು ಬಿಟ್ಟು ಮೂವತ್ತು ವರ್ಷ ಆಯ್ತಲ್ಲೇ!"

"ಕೊಡು ಅಂದೆ."

ಅವನು ಅಂಗಿಯ ಜೇಬಿನಿಂದ ಒಂದು ಸಿಗರೇಟು ತೆಗೆದು ಕೊಟ್ಟ. ಅಕ್ಕನ ಮುಖ ನೋಡಿದ. ಅಷ್ಟು ಹೊತ್ತಿನಿಂದ ಬಿಗಿದುಕೊಂಡಿದ್ದ ಅವನ ತುಟಿ ಸಡಿಲವಾಯಿತು.

ಬರ್ನಡೀನ್ ವಾಪಸ್ ಬಂದು, ಎಲ್ಲರ ಎದುರಿಗೆ, ಸಿಗರೇಟನ್ನು ಅಂಗೈಯಲ್ಲಿಟ್ಟು ಲೋರೇನಳ ಮುಂದೆ ಹಿಡಿದಳು.

"ಅಯ್ಯೋ, ನಾನು ಸೇದಲ್ಲ..." ಎಂದಳು ಲೋರೇನ್. ಆಮೇಲೆ ಅವಳಿಗೆ ನೆನಪಾಯಿತು. ಸೇದುವುದಕ್ಕಲ್ಲ, ಇದು ಗೌರವ! ಹಿರಿಯರೊಬ್ಬರು ತನಗೆ ತಂಬಾಕು ಕೊಡುತ್ತಿದ್ದಾರೆ! ಅವಳ ಮುಖ ಅರಳಿತು. ಎರಡೂ ಕೈಯಿಂದ ತೆಗೆದುಕೊಂಡು ಎದೆಗೆ ಒತ್ತಿಕೊಂಡಳು. ಮತ್ತೆ ಚಪ್ಪಾಳೆಯಾಯಿತು.

ಚಪ್ಪಾಳೆ ನಿಲ್ಲುವವರೆಗೂ ಬರ್ನಡೀನ್ ಕಾದಳು.

"ಈಗ ಕೇಳ್ತೀನಿ," ಎಂದಳು. "ಗೇಟು ತೆಗಿ. ನನಗೊಬ್ಳಿಗಲ್ಲ, ನಮ್ಮೋರಿಗೆಲ್ಲ. ಬೇರು ಕೀಳೋಕೆ ಬರೋರಿಗೆ, ಮೀನು ಹಿಡಿಯೋಕೆ ಬರೋರಿಗೆ, ಸುಮ್ನೆ ನೀರು ನೋಡ್ಕೊಂಡು ಕೂರೋಕೆ ಬರೋರಿಗೆ. ಫೋನ್ ಮಾಡಿ ಕೇಳೋದು ಬೇಡ. ಈ ದಾರಿ ತೆಗಿ."

ಲೋರೇನಳ ಮುಖ ಬಿಳಚಿಕೊಂಡಿತು. ಅವಳಿಗೆ ಗೊತ್ತಿತ್ತು. ತಂಬಾಕು ತೆಗೆದುಕೊಂಡವರು ಮಾತು ತೆಗೆದುಕೊಂಡಂತೆ ಎಂದು ಸಂಘದವರಿಗೆಲ್ಲ ಪಾಠ ಮಾಡಿದವಳೇ ಅವಳು.

"ಇದು... ನಾನು ಸಮಿತಿ ಮುಂದೆ ಇಡ್ತೀನಿ," ಎಂದಳು.

"ನಿನ್ನ ತಂಬಾಕು ನಾನೂ ತಗೊಂಡೆ. ಕೇಳೋಕ್ ಮುಂಚೆನೇ ತಗೊಂಡೆ, ನನ್ ಬುದ್ಧಿಗಿಷ್ಟು. ಆದ್ರೂ ನನ್ ಮೊಣಕಾಲನ್ನ ಸಮಿತಿ ಮುಂದೆ ಇಟ್ನಾ? ಸ್ಕರ್ಟ್ ಉಟ್ಕೊಂಡು ಬಂದ್ನೋ ಇಲ್ವೋ?"

"ಇದು ಇವತ್ತಿನ ಕಾರ್ಯಕ್ರಮದಲ್ಲಿ ಇಲ್ವಲ್ಲ," ಎಂದು ಕೀತ್ ಸೌಟು ಹಿಡಿದು ಹಿಂದಿನಿಂದ ಕೂಗಿದ.

"ನಿಮ್ ಬರ್ಗರ್ ಸೀದ್ ಹೋಗ್ತಿದೆ ನೋಡ್ಕೊಳ್ಳಿ," ಎಂದ ಅಲ್ಫೋನ್ಸ್. "ನಿಮ್ಗೆ ಏನಾದ್ರೂ ಸಹಾಯ ಬೇಕಿತ್ತಾ?"

ಯೂಲಾಲಿ ಅಣಕಿಸುತ್ತಿದ್ದ ದನಿಯೇ ಅದು. ಬರ್ನಡೀನಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎರಡನ್ನೂ ನುಂಗಿಕೊಂಡಳು.

ಲೋರೇನ್ ಸಿಗರೇಟನ್ನು ಮೆಲ್ಲಗೆ ಹಿಂದಕ್ಕೆ ಚಾಚಿದಳು. ಬರ್ನಡೀನ್ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿದಳು.

"ಒಪ್ಪಂದ ಮಾಡ್ಕೊಂಡ ದಿನ ನಿಮ್ಮ ಕಡೆಯೋರೂ ಕೂತು ನಮ್ಮೋರ ಜೊತೆ ಚಿಲುಮೆ ಸೇದಿದ್ರು," ಎಂದಳು. ಕೂಗಲಿಲ್ಲ, ದಣಿದವಳಂತೆ ಹೇಳಿದಳು. "ನೀನು ಈಗ ಓದಿದ್ಯಲ್ಲ ಸೂರ್ಯ, ಹುಲ್ಲು, ನದಿ, ಅದನ್ನ ಅವತ್ತೇ ಹೇಳಿದ್ರು. ಅಲ್ಲಿಂದ ಇಲ್ಲೀತನಕ ಅದು ಸಮಿತಿ ಮುಂದೇನೇ ಇದೆ. ನಂಗೆ ಸಾಕಾಗಿದೆ ಲೋರೇನ್. ಪ್ರಾರ್ಥನೆ ಮಾಡ್ತೀನಿ, ಮಾತು ಕೊಟ್ಟಿದೀನಿ. ನೀನು ಮೊದ್ಲು ನಿನ್ನ ಕೆಲ್ಸ ಮಾಡು. ನಾನು ಇಲ್ಲೇ ಕೂತಿರ್ತೀನಿ."

ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟಳು. ಯಾರೂ ತಟ್ಟೆ ಮುಟ್ಟಲಿಲ್ಲ. ಯಾರೋ ಕೆಮ್ಮಿದರು. ಒಂದು ಮಗು ಹಸಿವೆಂದು ರಾಗ ತೆಗೆಯಿತು, ತಾಯಿ ಅದರ ಬಾಯಿ ಮುಚ್ಚಿಸಿದಳು.

ಲೋರೇನ್ ಒಮ್ಮೆ ಕೀತನ ಕಡೆ, ಒಮ್ಮೆ ಕೈಯಲ್ಲಿದ್ದ ಸಿಗರೇಟಿನ ಕಡೆ ನೋಡಿದಳು. ಅದನ್ನು ಜೋಪಾನವಾಗಿ ಅಂಗಿಯ ಜೇಬಿಗೆ ಹಾಕಿಕೊಂಡು ಗೇಟಿನ ಕಡೆ ನಡೆದಳು. ಗುಂಡಿಗಳನ್ನು ಒತ್ತಿದಳು, ಈ ಸಲ ಭುಜ ಅಡ್ಡ ಬರಲಿಲ್ಲ. ಗೇಟು ತೆರೆಯಿತು. ಸ್ವಲ್ಪ ಹೊತ್ತು ನಿಂತಿತು, ಕೀ ಕೀ ಎಂದಿತು, ತಾನಾಗಿ ಮುಚ್ಚಿಕೊಂಡಿತು. ಮತ್ತೆ ಒತ್ತಿದಳು. ಮತ್ತೆ ತೆರೆದು ಮತ್ತೆ ಮುಚ್ಚಿಕೊಂಡಿತು. ಅದನ್ನು ತೆರೆದೇ ಇಡುವ ಉಪಾಯ ಯಾರಿಗೂ ಗೊತ್ತಿರಲಿಲ್ಲ. ಹಾಗೆ ಇಡಬೇಕೆಂದು ಯಾರೂ ಯೋಚಿಸಿಯೇ ಇರಲಿಲ್ಲ.

ಮೂರನೆಯ ಸಲ ಗೇಟು ತೆರೆದಾಗ ಲೋರೇನ್ ಸುತ್ತ ನೋಡಿದಳು. ಬಂಡೆಯ ಹತ್ತಿರ ಓಡಿ, ಒರಗಿಸಿದ್ದ ಫಲಕವನ್ನು ಹಲಗೆ ಸಮೇತ ತಬ್ಬಿ ಎತ್ತಿದಳು. ಏದುಸಿರು ಬಿಡುತ್ತ ಹೊತ್ತೊಯ್ದು ಗೇಟಿನ ಕೆಳಗೆ ತುರುಕಿ, ಬೂಟುಗಾಲಿನಿಂದ ಒದ್ದು ಒದ್ದು ಬಿಗಿ ಮಾಡಿದಳು. ಗೇಟು ಗುರುಗುಟ್ಟಿ, ಕಂಚಿನ ಅಂಚಿಗೆ ತಾಗಿ, ನಡುಗಿ ನಿಂತಿತು.

"ಲೋರೇನ್! ಫಲಕ!" ಎಂದು ಕೀತ್ ಚೀರಿದ.

"ಬೋಲ್ಟ್ ಸರಿಯಾಗಿ ತಂದಿದ್ರೆ ಬಂಡೆ ಮೇಲೇ ಇರ್ತಿತ್ತು ಕೀತ್," ಎಂದಳು ಅವಳು. ಕೂದಲು ಕೆದರಿ, ಪ್ಯಾಂಟಿಗೆ ಮಣ್ಣು ಮೆತ್ತಿಕೊಂಡಿತ್ತು. ಈ ಸಲ ಅವಳು ಅಳುತ್ತಿರಲಿಲ್ಲ.

ಬರ್ನಡೀನ್ ಎದ್ದು ಪ್ರಾರ್ಥನೆ ಮಾಡಿದಳು. ಕ್ರೀಯಲ್ಲಿ, ಚಿಕ್ಕದಾಗಿ, ಬರ್ಗರುಗಳನ್ನೂ ಕೀತನನ್ನೂ ಬಿಡದೆ ಎಲ್ಲರನ್ನೂ ಸೇರಿಸಿ ಮಾಡಿದಳು. ಆಮೇಲೆ ಗಾಡಿಯಿಂದ ರಬ್ಬರ್ ಬೂಟು ತೆಗೆದು ಹಾಕಿಕೊಂಡು, ಒಳ್ಳೆಯ ಸ್ಕರ್ಟನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ತಮ್ಮನ ತೋಳು ಹಿಡಿದು ಕಾಲುದಾರಿ ಇಳಿದಳು. ದಾರಿ ಎಲ್ಲಿ ತಿರುಗುತ್ತದೆಂದು ಕಾಲಿಗೇ ನೆನಪಿತ್ತು. ಬಜೆಯ ಎಲೆಗಳು ಹಳದಿಯಾಗಿದ್ದವು. ಕೆಸರು ತಣ್ಣಗಿತ್ತು. ಅಲ್ಫೋನ್ಸ್ ಮೊದಲ ಬೇರನ್ನು ತೊಳೆದು ಮುರಿದು ದವಡೆಗಿಟ್ಟುಕೊಂಡು, ಯೂಲಾಲಿಯ ಹಾಡನ್ನು ಅಲ್ಲೇ ಸಣ್ಣ ದನಿಯಲ್ಲಿ ಎತ್ತಿ ನೋಡಿದ.

ಅವರು ಮೇಲೆ ಬಂದಾಗ ಊಟ ಮುಗಿದು ಜನ ಚದುರುತ್ತಿದ್ದರು. ಗೇಟಿನ ಹತ್ತಿರ ಕೀತ್ ಮತ್ತು ಇನ್ನಿಬ್ಬರು ಸಮಿತಿಯವರು ಕೈ ಕಟ್ಟಿ ನಿಂತಿದ್ದರು. ಲೋರೇನ್ ಫಲಕದ ಮೇಲೆ ಒಂದು ಕಾಲಿಟ್ಟು, ಅದು ಸರಿಯದಂತೆ ಒತ್ತಿ ಹಿಡಿದು, ಅವರ ಜೊತೆ ವಾದಕ್ಕೆ ನಿಂತಿದ್ದಳು. ಅವಳ ದನಿ ಆಗಲೇ ಒಡೆದಿತ್ತು.

ಬರ್ನಡೀನ್ ಗಾಡಿ ನಿಲ್ಲಿಸಲು ಹೇಳಿ, ಕಿಟಕಿಯಿಂದ ಬೆರಳುದ್ದದ ಒಂದು ಹಸಿ ಬೇರನ್ನು ಚಾಚಿದಳು. ಲೋರೇನ್ ಅದನ್ನು ನೋಡಿದಳು, ಕೈ ಮುಂದೆ ಮಾಡಲಿಲ್ಲ.

"ಇದಕ್ಕೆ ನಾನೇನು ಮಾಡ್ಬೇಕು, ಮೊದ್ಲು ಹೇಳಿ," ಎಂದಳು.

"ಕಲಿತೆ ಬಿಡು," ಎಂದಳು ಬರ್ನಡೀನ್. "ಏನೂ ಮಾಡ್ಬೇಡ. ದವಡೆಯಲ್ಲಿ ಇಟ್ಕೋ, ನುಂಗ್ಬೇಡ. ಕಹಿ ಇರುತ್ತೆ. ಇನ್ನೂ ತುಂಬಾ ಮಾತಾಡ್ಬೇಕು ನೀನು."